ಐತಿಹಾಸಿಕ ಫಿರಂಗಿಗಳ ಮಾದರಿ ಕಿಟ್‌ಗಳು: ವಿನ್ಯಾಸ, ವೆಚ್ಚ ಹಾಗೂ ಅವಕಾಶ

ಆಟಿಕೆ ಉದ್ಯಮ ಎಂದೊಡನೆ ನಮ್ಮ ವರ್ತಕ ಬಾಂಧವರಿಗೆ ನೆನಪಾಗುವುದು ಗೊಂಬೆ, ಚೆಂಡು ಮತ್ತು ಕೀಲಿ ಕೊಟ್ಟರೆ ಓಡುವ ಕಾರು. ಆದರೆ ಸುಂಕದ ಪಟ್ಟಿಯಲ್ಲಿ ಆಟಿಕೆಗಳಿಗೆ ಮೀಸಲಾದ 9503ನೇ ಶೀರ್ಷಿಕೆಯನ್ನು ಪೂರ್ಣವಾಗಿ ಓದಿದವರಿಗೆ ಅದರಲ್ಲಿ ಇನ್ನೊಂದು ವರ್ಗವೂ ಸೇರಿರುವುದು ಕಾಣುತ್ತದೆ. ಅದು ಮೂಲ ವಸ್ತುವನ್ನು ನಿಗದಿತ ಪ್ರಮಾಣದಲ್ಲಿ ಕಿರಿದುಗೊಳಿಸಿದ ಮಾದರಿಗಳ ವರ್ಗ. ಇದರ ಮುಖ್ಯ ರೂಪವೇ ಸ್ಕೇಲ್ ಮಾಡೆಲ್ ಕಿಟ್. ಗ್ರಾಹಕನು ಬಿಡಿಭಾಗಗಳ ಪೆಟ್ಟಿಗೆಯನ್ನು ಕೊಂಡು, ಸೂಚನಾಪತ್ರವನ್ನು ನೋಡಿ ತಾನೇ ಜೋಡಿಸಿ, ಅಂಟಿಸಿ, ಬಣ್ಣ ಬಳಿದು ಕಪಾಟಿನಲ್ಲಿ ಇಡುತ್ತಾನೆ. ಇಂತಹ ಗ್ರಾಹಕರಲ್ಲಿ ವಯಸ್ಕರೇ ಹೆಚ್ಚು. ಅವರು ಬೆಲೆಗಿಂತ ಮೊದಲು ಅಳತೆಯ ನಿಖರತೆಯನ್ನು ನೋಡುತ್ತಾರೆ.

ಭಾರತದ ಆಟಿಕೆ ವ್ಯಾಪಾರದ ದಿಕ್ಕು ಕಳೆದ ದಶಕದಲ್ಲಿ ಬದಲಾಗಿದೆ. ಸರ್ಕಾರದ ಅಂಕಿ ಅಂಶಗಳ ಪ್ರಕಾರ 2014-15ರಲ್ಲಿ 33.25 ಕೋಟಿ ಡಾಲರ್‌ಗಳಷ್ಟಿದ್ದ ಆಟಿಕೆ ಆಮದು 2022-23ರಲ್ಲಿ 15.87 ಕೋಟಿ ಡಾಲರ್‌ಗಳಿಗೆ ಇಳಿಯಿತು. ಇದೇ ಅವಧಿಯಲ್ಲಿ ರಫ್ತು 9.62 ಕೋಟಿಯಿಂದ 32.57 ಕೋಟಿ ಡಾಲರ್‌ಗಳಿಗೆ ಏರಿತು. ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಲಾಯಿತು. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆಯಾಯಿತು. ಈ ಹಿನ್ನೆಲೆಯಲ್ಲಿ ಸಣ್ಣ ಉದ್ದಿಮೆದಾರರು ಮಾದರಿ ಕಿಟ್‌ಗಳತ್ತ, ಅದರಲ್ಲೂ ಐತಿಹಾಸಿಕ ಫಿರಂಗಿಗಳ ಕಿಟ್‌ಗಳತ್ತ ಗಮನ ಹರಿಸಬಹುದೇ ಎಂಬುದನ್ನು ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಈ ಉದ್ಯಮದಲ್ಲಿ ಲಾಭ ನಷ್ಟಗಳು ಮಾರಾಟದ ಮಳಿಗೆಯಲ್ಲಿ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ನಕ್ಷೆಯ ಮೇಜಿನ ಮೇಲೆ ನಿರ್ಧಾರವಾಗುತ್ತವೆ. ಪ್ರಮಾಣ ಯಾವುದು, ಭಾಗಗಳೆಷ್ಟು, ಯಾವ ವಸ್ತುವಿನಿಂದ, ಯಾವ ವಿಧಾನದಿಂದ ಎಂಬ ನಾಲ್ಕು ತೀರ್ಮಾನಗಳನ್ನು ಅಚ್ಚಿನ ಉಕ್ಕನ್ನು ಕೊರೆಯುವ ಮುನ್ನವೇ ಕೈಗೊಳ್ಳಬೇಕು. ಕೊರೆದ ಮೇಲೆ ತಿದ್ದುವುದಕ್ಕೆ ತಗಲುವ ವೆಚ್ಚವು ಸಣ್ಣ ಘಟಕವೊಂದನ್ನು ಮುಳುಗಿಸಬಲ್ಲದು.

ಅಚ್ಚೇ ಬಂಡವಾಳ

ಪ್ಲಾಸ್ಟಿಕ್ ಕಿಟ್‌ಗಳ ಇತಿಹಾಸದಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯದು ಬೋಧಪ್ರದವಾದ ಉದಾಹರಣೆ. 1939ರಲ್ಲಿ ನಿಕೊಲಸ್ ಕೋವ್ ಎಂಬ ಹಂಗೇರಿ ಮೂಲದ ಉದ್ಯಮಿ ಇದನ್ನು ಸ್ಥಾಪಿಸಿದಾಗ ಗಾಳಿ ತುಂಬುವ ರಬ್ಬರ್ ಆಟಿಕೆಗಳು ಅದರ ಸರಕಾಗಿದ್ದವು. ಯುದ್ಧಾನಂತರ ಪ್ಲಾಸ್ಟಿಕ್ ಬಾಚಣಿಗೆಗಳ ತಯಾರಿಕೆ ನಡೆಯಿತು. 1949ರ ಸುಮಾರಿಗೆ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿಯ ಮಾರಾಟ ಪ್ರತಿನಿಧಿಗಳಿಗಾಗಿ ಒಂದು ಪುಟ್ಟ ಟ್ರ್ಯಾಕ್ಟರ್ ಮಾದರಿಯನ್ನು ತಯಾರಿಸಿಕೊಡಲಾಯಿತು. ಅದನ್ನೇ ಬಿಡಿಭಾಗಗಳ ರೂಪದಲ್ಲಿ ಮಾರತೊಡಗಿದಾಗ ಕಿಟ್ ವ್ಯವಹಾರಕ್ಕೆ ಅಂಕುರಾರ್ಪಣೆಯಾಯಿತು. 1952ರಲ್ಲಿ ‘ಗೋಲ್ಡನ್ ಹೈಂಡ್’ ಎಂಬ ಹಾಯಿ ಹಡಗಿನ ಕಿಟ್ಟು ವುಲ್‌ವರ್ತ್ ಮಳಿಗೆಗಳಲ್ಲಿ ಎರಡು ಶಿಲಿಂಗ್ ಬೆಲೆಗೆ, ಪೆಟ್ಟಿಗೆಯ ಖರ್ಚೂ ಬೇಡವೆಂದು ಪಾಲಿಥೀನ್ ಚೀಲದಲ್ಲಿ ಮಾರಾಟವಾಯಿತು.

ನಮ್ಮ ಗಮನಕ್ಕೆ ಯೋಗ್ಯವಾದುದು ಮುಂದಿನ ಕಥೆ. ಸಂಸ್ಥೆಯು 1981ರಲ್ಲಿ ದಿವಾಳಿಯಾಯಿತು. ಅಚ್ಚುಗಳು ಪ್ಯಾಲಿಟಾಯ್ ಸಂಸ್ಥೆಯ ಪಾಲಾದವು. 1986ರಲ್ಲಿ ಹಂಬ್ರೋಲ್ ಸಂಸ್ಥೆಗೆ ಹೋದವು. 2006ರಲ್ಲಿ ಹಂಬ್ರೋಲ್ ಕೂಡ ಕುಸಿದಾಗ ಹಾರ್ನ್‌ಬಿ ಸಂಸ್ಥೆಯು ಎರಡೂ ಹೆಸರುಗಳನ್ನು 26 ಲಕ್ಷ ಪೌಂಡುಗಳಿಗೆ ಕೊಂಡಿತು. ಮಾಲೀಕರು ಬದಲಾದರು, ಕಾರ್ಖಾನೆಗಳು ಮುಚ್ಚಿದವು; ಉಕ್ಕಿನ ಅಚ್ಚುಗಳು ಮಾತ್ರ ಕೈಯಿಂದ ಕೈಗೆ ದಾಟುತ್ತ ದಶಕಗಳವರೆಗೆ ಸರಕು ಹೆರುತ್ತಲೇ ಇದ್ದವು. ಆಯವ್ಯಯ ಪಟ್ಟಿಯಲ್ಲಿ ಅಚ್ಚಿನ ಮೌಲ್ಯವು ಸವಕಳಿಯಿಂದ ಬೇಗ ಕರಗುತ್ತದೆ. 1962ರ ಆದಾಯ ತೆರಿಗೆ ನಿಯಮಗಳು ಪ್ಲಾಸ್ಟಿಕ್ ಕಾರ್ಖಾನೆಯ ಅಚ್ಚುಗಳಿಗೆ ಶೇ. 30ರ ದರವನ್ನು ನೀಡಿದ್ದವು. ಆದರೆ ಚೆನ್ನಾಗಿ ಯೋಚಿಸಿ ಮಾಡಿದ ಅಚ್ಚಿನ ಮಾರುಕಟ್ಟೆ ಆಯುಷ್ಯ ಅದಕ್ಕಿಂತ ಬಹಳ ದೀರ್ಘವಾದುದು. ಹಳೆಯ ಫಿರಂಗಿಯೊಂದು ಮುಂದಿನ ವರ್ಷ ಹಳತಾಗುವ ಭಯವಿಲ್ಲ. ಅದು ಆಗಲೇ ಹಳತು. ಈ ವರ್ಷದ ಚಲನಚಿತ್ರದ ಪಾತ್ರವನ್ನು ಗೊಂಬೆಯಾಗಿಸುವ ವ್ಯಾಪಾರಿಗೆ ಈ ಅನುಕೂಲವಿಲ್ಲ.

ಶಿಜುವೊಕಾ ನಗರದ ಪಾಠ

ಜಪಾನಿನ ಶಿಜುವೊಕಾ ನಗರವು ಮಾದರಿ ಕಿಟ್‌ಗಳ ರಾಜಧಾನಿ ಎನಿಸಿದೆ. ತಮಿಯಾ, ಹಸೆಗಾವಾ, ಅಯೋಶಿಮಾ ಮುಂತಾದ ತಯಾರಕರು ಇಲ್ಲಿಯವರು. ಈ ಊರಿನ ಹಿನ್ನೆಲೆ ಮರಗೆಲಸದ್ದು. ಯೋಶಿಯೋ ತಮಿಯಾ ಅವರು 1946ರಲ್ಲಿ ಆರಂಭಿಸಿದ್ದೂ ಮರದ ವ್ಯಾಪಾರವೇ. 1951ರ ಬೆಂಕಿಯಲ್ಲಿ ದಾಸ್ತಾನು ನಾಶವಾದ ನಂತರ ಸಂಸ್ಥೆಯು ಮರದ ಮಾದರಿಗಳನ್ನೇ ನೆಚ್ಚಿಕೊಂಡಿತು. ಕೆಲವೇ ವರ್ಷಗಳಲ್ಲಿ ಆಮದಾದ ಪ್ಲಾಸ್ಟಿಕ್ ಕಿಟ್‌ಗಳು ಮರದ ಮಾದರಿಗಳ ಬೇಡಿಕೆಯನ್ನು ಕುಗ್ಗಿಸಿದವು. 1960ರಲ್ಲಿ ತಮಿಯಾ ತನ್ನ ಮೊದಲ ಪ್ಲಾಸ್ಟಿಕ್ ಕಿಟ್ಟನ್ನು, 1/800 ಪ್ರಮಾಣದ ‘ಯಮಾತೊ’ ಯುದ್ಧನೌಕೆಯನ್ನು, ಹೊರತಂದಿತು. ಪ್ರತಿಸ್ಪರ್ಧಿಯು ಅದೇ ನೌಕೆಯ ಕಿಟ್ಟನ್ನು 350 ಯೆನ್ನಿಗೆ ಮಾರುತ್ತಿದ್ದುದರಿಂದ ತಮಿಯಾ ಕೂಡ ಬೆಲೆಯನ್ನು ಅಷ್ಟಕ್ಕೇ ಇಳಿಸಬೇಕಾಯಿತು. ಅಚ್ಚಿನ ವೆಚ್ಚ ಹಿಂದಿರುಗಲಿಲ್ಲ.

ಸಂಸ್ಥೆಯನ್ನು ಎತ್ತಿ ನಿಲ್ಲಿಸಿದ್ದು 1960ರ ದಶಕದ ಆರಂಭದಲ್ಲಿ ಬಂದ ಪ್ಯಾಂಥರ್ ಟ್ಯಾಂಕಿನ ಕಿಟ್. ಮೋಟಾರಿನಿಂದ ಚಲಿಸುವ ಈ ಮಾದರಿಯ ಒಳಗೆ ಒಂದು ಜೊತೆ ಬ್ಯಾಟರಿಗಳು ಹಿಡಿಸಬೇಕಾಗಿತ್ತು. ಅದಕ್ಕೆ ಬೇಕಾದಷ್ಟು ದೊಡ್ಡದಾಗಿ ಟ್ಯಾಂಕನ್ನು ಮಾಡಲಾಯಿತು. ಆ ಬಳಿಕ ಅಳೆದು ನೋಡಿದರೆ ಪ್ರಮಾಣ ಸುಮಾರು 1/35 ಆಗಿತ್ತೆಂದು, ಯೋಶಿಯೋ ಅವರ ಪುತ್ರರೂ 2025ರಲ್ಲಿ ನಿಧನರಾದ ತನಕ ಸಂಸ್ಥೆಯ ಜೀವಾಳವೂ ಆಗಿದ್ದ ಶುನ್ಸಾಕು ತಮಿಯಾ ಅವರು ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಈ ಸಂಖ್ಯೆಯೇ ಮುಂದೆ ಜಗತ್ತಿನ ಸೇನಾ ಮಾದರಿಗಳ ಸಾಮಾನ್ಯ ಅಳತೆಯಾಯಿತು. 1968ರಲ್ಲಿ ಇದೇ ಪ್ರಮಾಣದ ಸೈನಿಕರ ಗೊಂಬೆಗಳು, 1970ರ ದಶಕದಲ್ಲಿ ಜರ್ಮನಿಯ 88 ಮಿ.ಮೀ. ಫಿರಂಗಿ, ಬ್ರಿಟಿಷರ 25 ಪೌಂಡರ್ ಫಿರಂಗಿ ಮೊದಲಾದವು ಬಂದವು. ಒಂದು ಕಿಟ್ ಕೊಂಡವನು ಅದರ ಪಕ್ಕದಲ್ಲಿ ನಿಲ್ಲಿಸಲು ಅದೇ ಪ್ರಮಾಣದ ಇನ್ನೊಂದನ್ನು ಕೊಳ್ಳುತ್ತಾನೆ. ಪ್ರಮಾಣವೆಂಬುದು ಇಲ್ಲಿ ಬರಿಯ ಗಣಿತವಾಗಿ ಉಳಿಯದೆ ಗ್ರಾಹಕನನ್ನು ಹಿಡಿದಿಡುವ ಬಳ್ಳಿಯಾಯಿತು.

ಈ ಎರಡು ಕಿಟ್‌ಗಳಿಂದ ನಾವು ಗ್ರಹಿಸಬೇಕಾದುದು ಇಷ್ಟು: ಎಲ್ಲರೂ ಮಾಡಿರುವ ವಸ್ತುವಿಗೆ ಅಚ್ಚು ಕೊರೆಸಿದವನು ಬೆಲೆಯ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತಾನೆ; ಯಾರೂ ಮಾಡದಿರುವ ವಸ್ತುವನ್ನು ಎಲ್ಲರಿಗೂ ಒಗ್ಗುವ ಪ್ರಮಾಣದಲ್ಲಿ ಮಾಡಿದವನಿಗೆ ಮಾರುಕಟ್ಟೆ ತೆರೆದುಕೊಳ್ಳುತ್ತದೆ.

ಫಿರಂಗಿಯೇ ಏಕೆ?

ಹೊಸ ತಯಾರಕನಿಗೆ ಫಿರಂಗಿಯು ಮೂರು ಕಾರಣಗಳಿಂದ ಅನುಕೂಲಕರವಾದ ಮೊದಲ ಸರಕು. ಒಂದು, ಭಾಗಗಳು ಕಡಿಮೆ. ವಿಮಾನಕ್ಕಿರುವ ಚಾಲಕನ ಕೋಣೆ, ಟ್ಯಾಂಕಿಗಿರುವ ಸರಪಳಿಗಾಲಿ ಇಲ್ಲಿಲ್ಲ. ನಳಿಕೆ, ಗಾಡಿ, ಎರಡು ಗಾಲಿ, ಕೆಲವು ಉಪಕರಣಗಳು ಇವಿಷ್ಟರಲ್ಲಿ ಮುಗಿಯುತ್ತದೆ. ಎರಡು, ನಳಿಕೆಯು ಲೇತಿನ ಮೇಲೆ ತಿರುಗಿಸಬಹುದಾದ ಆಕಾರ. ಮೂರು, ಪರವಾನಗಿ ಶುಲ್ಕದ ಕಾಟವಿಲ್ಲ. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿಯು ತನ್ನ ಲಾಂಛನವಿರುವ ರೈಲು ಮಾದರಿಗಳಿಗೆ ಗೌರವಧನ ಕೋರಿ 2004ರಲ್ಲಿ ಮಾದರಿ ತಯಾರಕರನ್ನು ನ್ಯಾಯಾಲಯಕ್ಕೆ ಎಳೆದಿತ್ತು. 2006ರಲ್ಲಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಕಾರು, ವಿಮಾನಗಳ ಮಾದರಿಗಳಿಗೂ ಇಂತಹ ಪ್ರಶ್ನೆಗಳು ಏಳುತ್ತವೆ. ನಾನೂರು ವರ್ಷ ಹಿಂದಿನ ತೋಪಿನ ಆಕಾರದ ಮೇಲೆ ಹಕ್ಕು ಕೇಳಿಕೊಂಡು ಬರುವ ಕಂಪನಿ ಯಾವುದೂ ಇಲ್ಲ.

ಇನ್ನು ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ವಿಜಯಪುರ, ಬೀದರ್, ಕಲಬುರಗಿ ಕೋಟೆಗಳ ಬುರುಜುಗಳ ಮೇಲೆ ಕಂಚಿನ ಹಾಗೂ ಕಬ್ಬಿಣದ ಹೆದ್ದೋಪುಗಳಿವೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಮೈಸೂರು ಸುಲ್ತಾನರ ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತವು. ಬ್ರಿಟನ್ನಿನ ವಿಲಿಯಂ ಕಾಂಗ್ರೀವ್ ಅವರ ರಾಕೆಟ್‌ಗಳಿಗೆ ಪ್ರೇರಣೆಯಾದದ್ದು ಈ ಮೈಸೂರು ರಾಕೆಟ್‌ಗಳೇ. ವಿದೇಶಿ ತಯಾರಕರ ಪಟ್ಟಿಗಳಲ್ಲಿ ಯುರೋಪು, ಅಮೆರಿಕಗಳ ಫಿರಂಗಿಗಳೇ ತುಂಬಿವೆ. ವಿಷಯ ನಮ್ಮ ಮನೆಯಂಗಳದಲ್ಲಿದೆ.

ಒಂದು ಉದಾಹರಣೆ: ಮಲಿಕ್-ಎ-ಮೈದಾನ್

ವಿನ್ಯಾಸದ ಕೆಲಸ ಹೇಗೆ ಸಾಗುತ್ತದೆಂಬುದನ್ನು ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪಿನ ಮೂಲಕ ನೋಡೋಣ. 1549ರಲ್ಲಿ ಅಹ್ಮದ್‌ನಗರದ ನಿಜಾಮಶಾಹಿಗಾಗಿ ಎರಕ ಹೊಯ್ದ ಈ ಕಂಚಿನ ತೋಪು 17ನೇ ಶತಮಾನದಲ್ಲಿ ವಿಜಯಪುರಕ್ಕೆ ಬಂದಿತು. ಉದ್ದ ಸುಮಾರು 4.45 ಮೀಟರ್, ಹೊರ ವ್ಯಾಸ ಸುಮಾರು 1.5 ಮೀಟರ್, ಬಾಯಿಯ ಒಳ ವ್ಯಾಸ ಸುಮಾರು 0.7 ಮೀಟರ್, ತೂಕ ಸುಮಾರು 55 ಟನ್ ಎಂದು ಹೇಳಲಾಗುತ್ತದೆ.

ವಿನ್ಯಾಸಕಾರನ ಮೊದಲ ಕರ್ತವ್ಯ ಈ ಸಂಖ್ಯೆಗಳನ್ನು ಲೆಕ್ಕಪತ್ರದಂತೆ ತಾಳೆ ನೋಡುವುದು. 4.45 ಮೀಟರ್ ಉದ್ದ, 1.5 ಮೀಟರ್ ವ್ಯಾಸದ ಗಟ್ಟಿ ಸಿಲಿಂಡರಿನ ಘನ ಅಳತೆ 7.86 ಘನ ಮೀಟರ್. ಒಳಗಿನ ಟೊಳ್ಳು 0.7 ಮೀಟರ್ ವ್ಯಾಸದಲ್ಲಿ ಸುಮಾರು 4 ಮೀಟರ್ ಆಳಕ್ಕೆ ಹೋಗಿದೆಯೆಂದುಕೊಂಡರೆ 1.54 ಘನ ಮೀಟರನ್ನು ಕಳೆಯಬೇಕು. ಉಳಿದ 6.32 ಘನ ಮೀಟರಿಗೆ ಕಂಚಿನ ಸಾಂದ್ರತೆ 8.7ರಂತೆ ಗುಣಿಸಿದರೆ ತೂಕ 55 ಟನ್ ಆಗುತ್ತದೆ. ಹೇಳಲಾಗುವ ಉದ್ದ, ವ್ಯಾಸ, ತೂಕ ಪರಸ್ಪರ ಹೊಂದುತ್ತವೆ. ಹೊಂದದೆ ಹೋಗಿದ್ದರೆ ಯಾವುದೋ ಒಂದು ಅಳತೆ ತಪ್ಪೆಂದು ತಿಳಿದು ನಕ್ಷೆ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಬೇಕಾಗುತ್ತಿತ್ತು. ಪುಸ್ತಕದ ಅಳತೆಯನ್ನು ನಂಬಿ ಅಚ್ಚು ಕೊರೆಸುವುದು ಬ್ಯಾಂಕಿನ ತಃಖ್ತೆಯನ್ನು ನೋಡದೆ ನಗದು ಪುಸ್ತಕಕ್ಕೆ ಸಹಿ ಹಾಕಿದಂತೆ. ತಾಳೆಯ ನಂತರವೂ ಸ್ಥಳಕ್ಕೆ ಹೋಗಿ ಅಳೆಯಬೇಕು. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರುವ ಸ್ಮಾರಕವಾದುದರಿಂದ ಸ್ಕ್ಯಾನರ್, ಸ್ಟ್ಯಾಂಡು ಮುಂತಾದ ಉಪಕರಣಗಳನ್ನು ಒಯ್ಯುವ ಮುನ್ನ ಲಿಖಿತ ಅನುಮತಿ ಪಡೆಯುವುದು ಕ್ಷೇಮ.

1/35 ಪ್ರಮಾಣದಲ್ಲಿ ಇದೇ ತೋಪು 127 ಮಿ.ಮೀ. ಉದ್ದ, 43 ಮಿ.ಮೀ. ವ್ಯಾಸ, 20 ಮಿ.ಮೀ. ಬಾಯಿಯ ಮಾದರಿಯಾಗುತ್ತದೆ. ಅಂಗೈ ಮೇಲೆ ಕೂರುವ ಗಾತ್ರ. ಪಕ್ಕದಲ್ಲಿ ನಿಲ್ಲುವ ಗೋಲಂದಾಜನ ಎತ್ತರ 47 ಮಿ.ಮೀ. ತೂಕದ ವಿಷಯ ಬೇರೆ. ಉದ್ದವು 35ರಲ್ಲಿ ಒಂದು ಭಾಗವಾದರೆ ತೂಕವು 35ರ ಘನವಾದ 42,875ರಲ್ಲಿ ಒಂದು ಭಾಗವಾಗುತ್ತದೆ. ಕಂಚಿನಲ್ಲೇ ಎರಕ ಹೊಯ್ದರೆ ಸುಮಾರು 1.28 ಕಿಲೋ, ಒಂದೂವರೆ ಮಿ.ಮೀ. ದಪ್ಪದ ಪ್ಲಾಸ್ಟಿಕ್ ಚಿಪ್ಪಾಗಿ ಮಾಡಿದರೆ 30 ಗ್ರಾಂ ಆಸುಪಾಸು. ‘ಮೈದಾನದ ಒಡೆಯ’ ಎಂಬ ಹೆಸರಿನ ತೋಪು ಹತ್ತಿಯಂತೆ ಹಗುರವಾಗಿದ್ದರೆ ಕೊಂಡವನಿಗೆ ಸಮಾಧಾನವಾಗದು. ಒಳಗೆ ಕಬ್ಬಿಣದ ತುಂಡೊಂದನ್ನು ಕೂರಿಸಲು ಜಾಗ ಬಿಡುವುದು ಕೆಲವೇ ರೂಪಾಯಿಗಳ ಖರ್ಚು; ಗ್ರಾಹಕನ ಕೈಯಲ್ಲಿ ಅದರ ಬೆಲೆ ಹೆಚ್ಚು.

ಎಲ್ಲ ವಸ್ತುವಿಗೂ 1/35 ಹೊಂದುವುದಿಲ್ಲ ಎಂಬುದನ್ನೂ ಗಮನಿಸಬೇಕು. ನಗರದಲ್ಲಿ ದೊರೆತ, ಸುಮಾರು ಒಂದು ಅಡಿ ಉದ್ದದ ರಾಕೆಟ್ ಈ ಪ್ರಮಾಣದಲ್ಲಿ 9 ಮಿ.ಮೀ.ಗೆ ಇಳಿದು ಬೆಂಕಿಕಡ್ಡಿಯ ತುಂಡಿನಂತೆ ಕಾಣುತ್ತದೆ. ಅದಕ್ಕೆ 1/6 ತಕ್ಕದ್ದು. ಆಗ 51 ಮಿ.ಮೀ. ಉದ್ದವಿರುತ್ತದೆ. ವಿಜಯಪುರದ ಉಪ್ಪಲಿ ಬುರುಜಿನ ಮೇಲಿನ ಸುಮಾರು 9 ಮೀಟರ್ ಉದ್ದದ ತೋಪನ್ನು 1/35ರಲ್ಲಿ ಮಾಡಿದರೂ 257 ಮಿ.ಮೀ. ಆಗುತ್ತದೆ. ಪೆಟ್ಟಿಗೆಯ ಉದ್ದ, ಅಂಚೆ ವೆಚ್ಚ ಎರಡೂ ಅದರಿಂದಲೇ ನಿಶ್ಚಯವಾಗುತ್ತವೆ.

ಅಚ್ಚಿನ ಕಟ್ಟಳೆಗಳು

ಪಾಲಿಸ್ಟೈರೀನ್ ಹರಳುಗಳನ್ನು ಕರಗಿಸಿ ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ, ತಣಿದ ಮೇಲೆ ಹೊರದೂಡುವುದು ಇಂಜೆಕ್ಷನ್ ಮೋಲ್ಡಿಂಗ್. ಪೀಣ್ಯ, ರಾಜಾಜಿನಗರಗಳ ಘಟಕಗಳಿಗೆ ಇದು ಹೊಸದಲ್ಲ. ಆದರೆ ಬಕೆಟ್ಟಿನ ಮುಚ್ಚಳಕ್ಕೂ ಮಾದರಿ ಕಿಟ್ಟಿಗೂ ಕೆಲವು ವ್ಯತ್ಯಾಸಗಳಿವೆ.

ಮೊದಲನೆಯದು ಕುಗ್ಗುವಿಕೆ. ಪಾಲಿಸ್ಟೈರೀನ್ ತಣಿಯುವಾಗ ಶೇ. 0.4ರಿಂದ 0.7ರಷ್ಟು ಕುಗ್ಗುತ್ತದೆ. 127 ಮಿ.ಮೀ. ನಳಿಕೆಯಲ್ಲಿ ಇದು ಅರ್ಧದಿಂದ ಒಂದು ಮಿ.ಮೀ.ವರೆಗಿನ ವ್ಯತ್ಯಾಸ. ಅಚ್ಚನ್ನು ಅಷ್ಟು ದೊಡ್ಡದಾಗಿ ಕೊರೆಯದಿದ್ದರೆ ಬೇರೆ ಅಚ್ಚಿನ ಭಾಗಗಳೊಂದಿಗೆ ಅದು ಕೂಡುವುದಿಲ್ಲ.

ಎರಡನೆಯದು ಇಳಿಜಾರು. ಭಾಗವು ಅಚ್ಚಿನಿಂದ ಜಾರಿ ಬರಲು ಗೋಡೆಗಳಿಗೆ ಸುಮಾರು ಒಂದು ಡಿಗ್ರಿ ಓರೆ ಬೇಕು. 20 ಮಿ.ಮೀ. ಆಳಕ್ಕೆ ಇದು 0.35 ಮಿ.ಮೀ. ಆಗುತ್ತದೆ. ನಿಖರತೆಯನ್ನು ಬಯಸುವ ಗ್ರಾಹಕನ ಕಣ್ಣಿಗೆ ಈ ಓರೆ ಬೀಳದಂತೆ ಭಾಗಗಳನ್ನು ವಿಂಗಡಿಸುವುದೇ ವಿನ್ಯಾಸಕಾರನ ಜಾಣ್ಮೆ.

ಮೂರನೆಯದು ಅಚ್ಚಿಗೆ ಸಿಕ್ಕಿಕೊಳ್ಳುವ ಆಕಾರಗಳು. ಮಲಿಕ್-ಎ-ಮೈದಾನ್ ತೋಪಿನ ಬಾಯಿಯು ಆನೆಯನ್ನು ಕಚ್ಚಿರುವ ಸಿಂಹಮುಖದಂತೆ ಕೆತ್ತಲ್ಪಟ್ಟಿದೆ. ದವಡೆ, ಹಲ್ಲು, ಒಳಗೆ ಸಿಕ್ಕ ಆನೆ ಇವನ್ನು ಎರಡೇ ಹೋಳಿನ ಅಚ್ಚಿನಲ್ಲಿ ಎರೆದರೆ ಭಾಗವು ಹೊರಬರುವುದಿಲ್ಲ. ಅಚ್ಚಿಗೆ ಪಕ್ಕದಿಂದ ಸರಿಯುವ ತುಂಡುಗಳನ್ನು ಸೇರಿಸಬೇಕು, ಇಲ್ಲವೇ ಮುಖವನ್ನು ಮೂರು ನಾಲ್ಕು ಭಾಗಗಳಾಗಿ ಒಡೆಯಬೇಕು. ಮೊದಲನೆಯದರಿಂದ ಅಚ್ಚಿನ ಬೆಲೆ ಏರುತ್ತದೆ. ಎರಡನೆಯದರಿಂದ ಗ್ರಾಹಕನ ಶ್ರಮ ಏರುತ್ತದೆ. ನಳಿಕೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿದರೆ ಬೆಸುಗೆಯ ಗೆರೆ ಮೇಲುಗಡೆಯ ಶಾಸನದ ಮೇಲೆ ಹಾಯದಂತೆ ಪಕ್ಕಕ್ಕೆ ಇಡಬೇಕು.

ನಾಲ್ಕನೆಯದು ದಪ್ಪ. ಫಿರಂಗಿಯ ಮುಂದಿನ ಕಬ್ಬಿಣದ ರಕ್ಷಾಫಲಕ 5 ಮಿ.ಮೀ. ಇದ್ದರೆ 1/35ರಲ್ಲಿ ಅದು 0.14 ಮಿ.ಮೀ. ಅಷ್ಟು ತೆಳುವಾಗಿ ಪ್ಲಾಸ್ಟಿಕ್ ಹರಿಯುವುದಿಲ್ಲ. ಅಂಚನ್ನು ಮಾತ್ರ ತೆಳುಗೊಳಿಸಿ ತೆಳ್ಳಗೆ ಕಾಣಿಸುವುದು ಒಂದು ಉಪಾಯ. ರಾಸಾಯನಿಕದಿಂದ ಕೊರೆದ ಹಿತ್ತಾಳೆಯ ಹಾಳೆಯನ್ನು ಕಿಟ್ಟಿನೊಳಗೆ ಸೇರಿಸುವುದು ಇನ್ನೊಂದು. ಪ್ರಾಚೀನ ತೋಪುಗಳಿಗೆ ಇಂತಹ ಫಲಕಗಳಿಲ್ಲದಿರುವುದು ಹೊಸ ತಯಾರಕನಿಗೆ ಸಿಕ್ಕ ರಿಯಾಯಿತಿ.

ಮರವೋ ಪ್ಲಾಸ್ಟಿಕ್ಕೋ?

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಕಿಟ್ ಮಾಡಲು ಉಕ್ಕಿನ ಅಚ್ಚು ಇರಲೇಬೇಕೆಂದಿಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಲೇತಿನ ಮೇಲೆ ತಿರುಗಿಸಿ ಅರಗಿನ ಬಣ್ಣ ಏರಿಸುವವರು. ಫಿರಂಗಿಯ ನಳಿಕೆಯು ಅವರ ಕೈಗೆ ಸಹಜವಾದ ಕೆಲಸ. ಗಾಡಿಯ ಪಕ್ಕೆಗಳನ್ನೂ ಗಾಲಿಯ ಅರಗಳನ್ನೂ ಪ್ಲೈವುಡ್‌ನಿಂದ ಲೇಸರ್ ಯಂತ್ರದಲ್ಲಿ ಕತ್ತರಿಸಬಹುದು. ಇದರಲ್ಲಿ ಆರಂಭಿಕ ವೆಚ್ಚ ಅಲ್ಪ, ಪ್ರತಿ ಕಿಟ್ಟಿನ ವೆಚ್ಚ ಅಧಿಕ. ಅಚ್ಚಿನ ವಿಧಾನದಲ್ಲಿ ಇದು ತಿರುವುಮುರುವು.

ವಿಷಯ ಸ್ಪಷ್ಟವಾಗಲೆಂದು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ವಾಚಕರು ತಮ್ಮ ತಮ್ಮ ದರಪಟ್ಟಿಗಳನ್ನು ಈ ಜಾಗದಲ್ಲಿ ತುಂಬಿಕೊಳ್ಳಬೇಕು. ಎರಡೂ ವಿಧಾನಗಳಲ್ಲಿ ತಯಾರಕನಿಗೆ ಕಿಟ್ ಒಂದಕ್ಕೆ ದೊರೆಯುವ ನಿವ್ವಳ ಬೆಲೆ 700 ರೂ. ಎಂದಿರಲಿ.

ಮರದ ವಿಧಾನ: ಸ್ಥಿರ ವೆಚ್ಚ 60,000 ರೂ.; ಕಿಟ್ ಒಂದಕ್ಕೆ ಚರ ವೆಚ್ಚ 420 ರೂ.; ಉಳಿಕೆ 280 ರೂ. ಹೂಡಿಕೆ ಹಿಂದಿರುಗಲು 215 ಕಿಟ್ ಮಾರಾಟವಾಗಬೇಕು.

ಅಚ್ಚಿನ ವಿಧಾನ: ಸ್ಥಿರ ವೆಚ್ಚ 12,00,000 ರೂ.; ಕಿಟ್ ಒಂದಕ್ಕೆ ಚರ ವೆಚ್ಚ 180 ರೂ.; ಉಳಿಕೆ 520 ರೂ. ಹೂಡಿಕೆ ಹಿಂದಿರುಗಲು 2,308 ಕಿಟ್ ಮಾರಾಟವಾಗಬೇಕು.

ಎರಡು ವಿಧಾನಗಳ ಲಾಭ ಸಮನಾಗುವುದು 4,750 ಕಿಟ್‌ಗಳಲ್ಲಿ. ಅದಕ್ಕಿಂತ ಕಡಿಮೆ ಮಾರುವವನಿಗೆ ಮರ, ಹೆಚ್ಚು ಮಾರುವವನಿಗೆ ಅಚ್ಚು. ಪ್ಲಾಸ್ಟಿಕ್ ಅಗ್ಗವೆಂಬ ಸಾಮಾನ್ಯ ನಂಬಿಕೆಗೆ ಈ ಗಡಿಯ ಆಚೆ ಮಾತ್ರ ಆಧಾರವಿದೆ. ಒಂದು ಸಾವಿರ ಕಿಟ್ ಮಾತ್ರ ಮಾರಾಟವಾದರೆ ಮರದವನಿಗೆ 2,20,000 ರೂ. ಲಾಭ, ಅಚ್ಚಿನವನಿಗೆ 6,80,000 ರೂ. ನಷ್ಟ. ಒಂದೇ ಸರಕು, ಒಂದೇ ಬೆಲೆ, ಒಂದೇ ಮಾರಾಟ. ವ್ಯತ್ಯಾಸವೆಲ್ಲ ಮೊದಲ ತೀರ್ಮಾನದ್ದು.

ಇವೆರಡರ ನಡುವೆ ಇನ್ನೊಂದು ಮೆಟ್ಟಿಲಿದೆ. ಕಂಪ್ಯೂಟರ್ ನಕ್ಷೆಯಿಂದ ತ್ರೀಡಿ ಮುದ್ರಣದಲ್ಲಿ ಮೂಲಮಾದರಿ ತೆಗೆದು, ಅದರ ಮೇಲೆ ಸಿಲಿಕೋನ್ ರಬ್ಬರ್ ಅಚ್ಚು ಮಾಡಿ ರೆಸಿನ್ ಎರೆಯುವುದು. ಒಂದು ರಬ್ಬರ್ ಅಚ್ಚು ಕೆಲವು ಡಜನ್ ಎರಕಗಳಿಗೆ ಸವೆಯುತ್ತದೆಯಾದರೂ ಸಿಂಹಮುಖದಂತಹ ಕ್ಲಿಷ್ಟ ಆಕಾರಗಳಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ನಳಿಕೆ ಮರದ್ದು, ಮುಖ ರೆಸಿನ್ನಿನದು, ಗಾಡಿ ಪ್ಲೈವುಡ್ಡಿನದು ಎಂಬ ಮಿಶ್ರ ಕಿಟ್ಟಿನಿಂದ ಮಾರುಕಟ್ಟೆಯನ್ನು ಪರೀಕ್ಷಿಸಿ, ಬೇಡಿಕೆ ಗಡಿ ದಾಟುವುದು ಖಚಿತವಾದ ಮೇಲೆ ಉಕ್ಕಿಗೆ ಕೈ ಹಾಕುವುದು ಹಾಸಿಗೆ ಇದ್ದಷ್ಟು ಕಾಲು ಚಾಚುವ ಕ್ರಮ. ಅಚ್ಚಿನ ವಿನ್ಯಾಸಕ್ಕೆ, 1972ರಲ್ಲಿ ಡೆನ್ಮಾರ್ಕಿನ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂತಹ ಸಂಸ್ಥೆಗಳ ನೆರವು ನಮ್ಮಲ್ಲೇ ಇದೆ.

ಅಚ್ಚು ಮಾಡಿಸುವಾಗ ಇನ್ನೊಂದು ಮಿತವ್ಯಯದ ದಾರಿಯಿದೆ. ಗಾಲಿ, ಗಾಡಿ, ಗುಂಡು, ಸಲಾಕೆಗಳನ್ನು ಒಂದು ಚೌಕಟ್ಟಿನಲ್ಲೂ ನಳಿಕೆಯನ್ನು ಇನ್ನೊಂದು ಚೌಕಟ್ಟಿನಲ್ಲೂ ಇಟ್ಟರೆ, ಗಾಡಿಯ ಮೇಲೆ ಸಾಗುವ ಫಿರಂಗಿಗಳ ಸರಣಿಯಲ್ಲಿ ಎರಡನೆಯ ಕಿಟ್ಟಿಗೆ ನಳಿಕೆಯ ಅಚ್ಚನ್ನು ಮಾತ್ರ ಹೊಸದಾಗಿ ಕೊರೆಯಿಸಿದರೆ ಸಾಕು. ಮೊದಲ ಅಚ್ಚಿನ ವೆಚ್ಚವನ್ನು ಆಗ ಎರಡು ಮೂರು ಸರಕುಗಳಿಗೆ ಹಂಚಬಹುದು.

ಬಂದೂಕಿನ ವಿಷಯದಲ್ಲಿ ಎಚ್ಚರ

ಫಿರಂಗಿಗೆ ಹೊಂದುವ ಮಾತೆಲ್ಲವೂ ಕೋವಿ, ಬಂದೂಕು, ಪಿಸ್ತೂಲುಗಳಿಗೆ ಹೊಂದುವುದಿಲ್ಲ. ಒಂದೂವರೆ ಮೀಟರ್ ಉದ್ದದ ತೋಡೆದಾರ್ ಬಂದೂಕು 1/35ರಲ್ಲಿ 43 ಮಿ.ಮೀ. ಕಡ್ಡಿಯಾಗುತ್ತದೆ, ಆದುದರಿಂದ ಗ್ರಾಹಕರು ದೊಡ್ಡ ಗಾತ್ರ, ಅನೇಕ ವೇಳೆ ಪೂರ್ಣ ಗಾತ್ರ, ಬಯಸುತ್ತಾರೆ. ಅಲ್ಲಿ ಕಾನೂನು ಎದುರಾಗುತ್ತದೆ. ಜಪಾನಿನಲ್ಲಿ ಲೋಹದ ಮಾದರಿ ಪಿಸ್ತೂಲುಗಳು ಅಪರಾಧಗಳಿಗೆ ಬಳಕೆಯಾದುದರಿಂದ, 1971ರ ತಿದ್ದುಪಡಿಯು ಅವುಗಳ ನಳಿಕೆಯನ್ನು ಮುಚ್ಚಿ ಬಿಳಿ ಅಥವಾ ಹಳದಿ ಬಣ್ಣ ಬಳಿಯಬೇಕೆಂದು ವಿಧಿಸಿತು. 1977ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಅಮೆರಿಕದ 1988ರ ಕಾಯಿದೆಯು ಆಟಿಕೆ ಬಂದೂಕುಗಳ ತುದಿಗೆ ಎದ್ದು ಕಾಣುವ ಕಿತ್ತಳೆ ಗುರುತನ್ನು ಕಡ್ಡಾಯಗೊಳಿಸಿತು. ಬ್ರಿಟನ್ನಿನ 2006ರ ಕಾಯಿದೆಯು ನೈಜವಾಗಿ ಕಾಣುವ ಅನುಕರಣ ಬಂದೂಕುಗಳ ತಯಾರಿಕೆ, ಆಮದು, ಮಾರಾಟಗಳನ್ನು ನಿರ್ಬಂಧಿಸಿತು; ಆದರೆ 1870ಕ್ಕಿಂತ ಹಿಂದಿನ ವಿನ್ಯಾಸಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು.

ರಫ್ತಿನ ಆಸೆಯಿರುವವರಿಗೆ ಇದರಿಂದ ಎರಡು ಸೂಚನೆಗಳು ದೊರೆಯುತ್ತವೆ. ವಿಷಯವು ಪುರಾತನವಾದಷ್ಟೂ ಅಡಚಣೆ ಕಡಿಮೆ. ಗಾತ್ರವು ಕಿರಿದಾದಷ್ಟೂ ಸಂಶಯ ಕಡಿಮೆ. ಪೂರ್ಣ ಗಾತ್ರದ ಬಂದೂಕಿನ ಪ್ರತಿಕೃತಿಯನ್ನು ನಮ್ಮ ದೇಶದಲ್ಲೇ ತಯಾರಿಸುವ ಯೋಚನೆಯಿದ್ದರೂ 1959ರ ಶಸ್ತ್ರಾಸ್ತ್ರ ಕಾಯಿದೆ ಹಾಗೂ 2016ರ ನಿಯಮಗಳನ್ನು ಬಲ್ಲ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು.

ತೆರಿಗೆ, ಪ್ರಮಾಣೀಕರಣ, ಹಕ್ಕು ರಕ್ಷಣೆ

ಈ ಉದ್ಯಮಕ್ಕೆ ಇಳಿಯುವವರು ತಿಳಿದಿರಬೇಕಾದ ಕೆಲವು ಅಂಶಗಳನ್ನು ಸಂಕ್ಷೇಪವಾಗಿ ನೀಡಲಾಗಿದೆ.

1. ವಿದ್ಯುನ್ಮಾನವಲ್ಲದ ಆಟಿಕೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಮೋಟಾರು, ದೀಪ, ಧ್ವನಿ ಸೇರಿಸುವ ಮುನ್ನ ಸರಕಿನ ವರ್ಗೀಕರಣ ಬದಲಾಗುವುದೇ ಎಂಬುದನ್ನು ಪರಿಶೀಲಿಸಬೇಕು.

2. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ನೀಡಲಾಗಿತ್ತು. ವಯಸ್ಕ ಸಂಗ್ರಾಹಕರಿಗಾಗಿ ಮಾಡಿದ ಕಿಟ್ಟಿನ ಪೆಟ್ಟಿಗೆ, ಜಾಹೀರಾತು, ಚಿತ್ರ ಎಲ್ಲವೂ ಅದನ್ನೇ ಹೇಳಬೇಕು. ಪೆಟ್ಟಿಗೆಯ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದು ಅಚ್ಚು ಹಾಕಿಸಿ, ಮಾರಾಟವನ್ನು ಮಾತ್ರ ಶಾಲಾ ಮಕ್ಕಳ ಅಂಗಡಿಗಳಲ್ಲಿ ನಡೆಸಿದರೆ ವಾದ ನಿಲ್ಲದು.

3. ಅಚ್ಚನ್ನು ತಾನು ಮಾಡಿಸಿ, ಒತ್ತುವ ಕೆಲಸವನ್ನು ಜಾಬ್ ವರ್ಕ್ ಘಟಕಕ್ಕೆ ಕೊಡುವುದು ಸಣ್ಣವರಿಗೆ ಸೂಕ್ತ. ಜಾಬ್ ವರ್ಕಿಗೆ ಕಳುಹಿಸಿದ ಬಂಡವಾಳ ಸರಕು ಮೂರು ವರ್ಷದೊಳಗೆ ಹಿಂದಿರುಗಬೇಕೆಂಬ ಜಿಎಸ್‌ಟಿ ಕಾಯಿದೆಯ ಷರತ್ತು ಅಚ್ಚು, ಡೈ, ಜಿಗ್‌ಗಳಿಗೆ ಅನ್ವಯಿಸುವುದಿಲ್ಲ. ಆದರೆ ಅಚ್ಚಿನ ಒಡೆತನ ಯಾರದು, ವಿಮೆ ಯಾರು ಮಾಡಿಸಬೇಕು, ಎಷ್ಟು ಒತ್ತುಗಳಿಗೊಮ್ಮೆ ದುರಸ್ತಿ ಎಂಬುದನ್ನು ಕರಾರಿನಲ್ಲಿ ಬರೆಯಿಸಬೇಕು. ಬಾಯಿಮಾತಿನ ಮೇಲೆ ಬಿಟ್ಟುಬಂದ ಅಚ್ಚು, ಬಾಕಿ ತಕರಾರು ಬಂದ ದಿನ ಒತ್ತೆಯಾಗುತ್ತದೆ.

4. ತೋಪಿನ ಮೂಲ ಆಕಾರದ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ. ನಿಮ್ಮ ನಕ್ಷೆ, ಸೂಚನಾಪತ್ರ, ಪೆಟ್ಟಿಗೆಯ ಚಿತ್ರಗಳ ಮೇಲೆ ನಿಮಗೆ ಹಕ್ಕಿದೆ. ಸ್ವಂತಿಕೆಯಿರುವ ಭಾಗಗಳಿಗೆ 2000ದ ವಿನ್ಯಾಸ ಕಾಯಿದೆಯಡಿ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಪಡೆಯಬಹುದು. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ 50ಕ್ಕೂ ಹೆಚ್ಚು ಪ್ರತಿಗಳನ್ನು ಕೈಗಾರಿಕಾ ವಿಧಾನದಲ್ಲಿ ತಯಾರಿಸಿದರೆ ಕೃತಿಸ್ವಾಮ್ಯವೂ ಕೈತಪ್ಪುತ್ತದೆ. ಅರ್ಜಿಯನ್ನು ಸರಕು ಪ್ರಕಟವಾಗುವ ಮೊದಲೇ ಸಲ್ಲಿಸಬೇಕು.

ಕೊನೆಯದಾಗಿ

ಇತಿಹಾಸವು ಒಂದು ವಸ್ತುವಿಗೆ ಕಟ್ಟುವ ಬೆಲೆಗೂ ಗುಜರಿಯವನು ಕಟ್ಟುವ ಬೆಲೆಗೂ ಎಷ್ಟು ಅಂತರವೆಂಬುದಕ್ಕೆ ಮಲಿಕ್-ಎ-ಮೈದಾನ್ ತೋಪಿನದೇ ಒಂದು ಪ್ರಸಂಗವಿದೆ. 1854ರಲ್ಲಿ ಅದನ್ನು ನಿರುಪಯೋಗಿ ಸಾಮಗ್ರಿಯೆಂದು ಹರಾಜಿಗೆ ಇಟ್ಟಾಗ ಬಂದ ಕೂಗು 150 ರೂಪಾಯಿ. 55 ಟನ್ ಕಂಚಿಗೆ 150 ರೂಪಾಯಿ! ಮಾರಾಟವು ರದ್ದಾದುದರಿಂದ ತೋಪು ಬುರುಜಿನ ಮೇಲೆ ಉಳಿಯಿತು. ಇಂದಿಗೂ ಅದನ್ನು ನೋಡಲು ದೂರದೂರಿನಿಂದ ಜನರು ಬರುತ್ತಾರೆ. ಹಾಗೆ ಬಂದವರು ಕೈಯಲ್ಲಿ ಹಿಡಿದು ಮನೆಗೆ ಒಯ್ಯಬಹುದಾದ, ಅಳತೆಗೆ ತಕ್ಕ, ತಾವೇ ಜೋಡಿಸಬಹುದಾದ ಮಾದರಿಯೊಂದು ನಮ್ಮ ಘಟಕಗಳಿಂದಲೇ ಹೊರಬಂದರೆ ಅದು ವ್ಯಾಪಾರವೂ ಹೌದು, ಊರಿನ ಗೌರವವೂ ಹೌದು.

ಆಸಕ್ತ ಸದಸ್ಯರು ಮೂರು ಹೆಜ್ಜೆಗಳಿಂದ ಆರಂಭಿಸಬಹುದು. ಒಂದು ತೋಪನ್ನು ಆರಿಸಿ, ಅನುಮತಿ ಪಡೆದು ಸ್ವತಃ ಅಳೆಯಿಸಿ. ಮರ ಮತ್ತು ರೆಸಿನ್ನಿನಲ್ಲಿ ಇನ್ನೂರೈವತ್ತು ಕಿಟ್ ಮಾಡಿ ಮಾರಿ ನೋಡಿ. ಬಂದ ಬೇಡಿಕೆಯನ್ನು ಮೇಲಿನ ಗಡಿ ಸಂಖ್ಯೆಯ ಪಕ್ಕದಲ್ಲಿ ಬರೆದು, ಆ ಕಾಗದವನ್ನು ಮುಂದಿಟ್ಟುಕೊಂಡೇ ಅಚ್ಚಿನವನೊಂದಿಗೆ ಮಾತಿಗೆ ಕುಳಿತುಕೊಳ್ಳಿ.